ಅರ್ಥ ಕೇಳದೆ ಬಿಟ್ಟ ಸಾಲು

ಆನವಟ್ಟಿ
14 ಜೂನ್ 2025, ಶನಿವಾರ

ಮುದ್ದಿನ ತೃಪ್ತಿ,

ಹೇಗಿದ್ದೀಯ ಮಗಳೇ? ಹಾಸ್ಟೆಲಿನ ಊಟ ಒಗ್ಗಿತೇ? ಬರೆಯುವುದು ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ನನ್ನ ದನಿ ನಡುಗುವುದು ನಿನಗೆ ಗೊತ್ತಾಗಿಬಿಡುತ್ತದೆ. ಅದಕ್ಕೇ ನಾಳೆ ಶಿಕಾರಿಪುರಕ್ಕೆ ಬರುವ ಪಕ್ಕದ ಮನೆ ಶೇಷಮ್ಮನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಮೊನ್ನೆ ನಿನಗೆ ಹದಿನೆಂಟು ತುಂಬಿತೆಂದು ಎಲ್ಲರೂ ಹರಸುವಾಗ ನನಗೆ ಬೇರೆಯದೇ ಚಿಂತೆ. ನಿಮ್ಮಪ್ಪ ನಿನಗೆ ‘ಪ್ರಾಪ್ತ ವಯಸ್ಸಿಗೆ ಬರುವವರೆಗೆ ಜೀವನಾಂಶ’ ಕೊಡಬೇಕೆಂದು ಕೋರ್ಟಿನ ತೀರ್ಪಿದೆ. ವಯಸ್ಸು ಬಂತಲ್ಲ, ಇನ್ನು ನಿನ್ನ ಓದು? ಟ್ರಂಕಿನಲ್ಲಿದ್ದ ತೀರ್ಪು ಹಿಡಿದು ಸೊರಬಕ್ಕೆ ಓಡಿದೆ. ಆಗಿನ ವಕೀಲರು ನನಗೆ ಓದಿ ಹೇಳಿದ್ದು ಅದರ ಕೊನೆಯ ಪುಟ ಮಾತ್ರ.

ಈಗಿನ ವಕೀಲರು ಪರಮಶಿವಪ್ಪನವರು. “ಹೆದರ್ಬೇಡಿ ನೀಲಾಂಬಿಕಮ್ಮ. ಈ ಆದೇಶ ಇಲ್ಲಿಗೆ ನಿಲ್ತದೆ, ನಿಜ. ಆದ್ರೆ ಸ್ವಂತ ದುಡಿಮೆ ಇಲ್ದಿರೋ ಮಗಳಿಗೆ ಮದುವೆ ಆಗೋವರೆಗೂ ಕೇಳೋ ಹಕ್ಕಿದೆ. ಈ ಸಲ ಅರ್ಜಿ ಅವಳ ಹೆಸರಲ್ಲೇ ಹಾಕ್ಬೇಕು” ಎಂದರು.

ನನ್ನದು ಸುಮ್ಮನಿರುವ ಬಾಯಲ್ಲ, ನಿನಗೆ ಗೊತ್ತು. ತೀರ್ಪಿನ ಸಾಲುಸಾಲಿಗೂ ಬೆರಳಿಟ್ಟೆ. “ಎದುರುದಾರ ಅಂದ್ರೆ ಯಾರ್ರೀ?” “ನಿಮ್ಮ ಯಜಮಾನ್ರೇ.” “ಮಧ್ಯಂತರ ಅಂದ್ರೆ?” “ಕೇಸ್ ಮುಗಿಯೋ ತನಕ ಅಂತ. ನೀವೇ ಲಾ ಓದ್ಬೇಕಿತ್ತು ಬಿಡಿ” ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಬಂದ ಒಂದು ಸಾಲಿನ ಅರ್ಥ ಮಾತ್ರ ಕೇಳಲಿಲ್ಲ. ಪುಟ ಮಗುಚಿದೆ.

ಸೋಮವಾರ ಅವರ ಗುಮಾಸ್ತರು ನಿನ್ನ ಸಹಿಗೆ ಬರುತ್ತಾರೆ. ಹಳೆಯ ತೀರ್ಪಿನ ನಕಲೂ ತರುತ್ತಾರಂತೆ. “ಓದ್ದೇ ಸಹಿ ಹಾಕ್ಬಾರ್ದು ಅಂತ ಹೇಳ್ರಿ” ಎಂದಿದ್ದಾರೆ. ನಾನು ಮೊದಲನೇ ಬಸ್ಸಿಗೇ ಬರುತ್ತೇನೆ, ಅಲ್ಲಿಯ ತನಕ ಆ ನಕಲನ್ನು ತೆರೆಯಬೇಡ. ಅಪ್ಪನ ಫೋಟೊ ಪರ್ಸಿನಲ್ಲಿಟ್ಟುಕೊಂಡು ತಿರುಗುವವಳು ನೀನು. ಭಯವಾಗುತ್ತಿದೆ ಮಗಳೇ.

ಹೊತ್ತಿಗೆ ಸರಿಯಾಗಿ ಉಣ್ಣು, ಚೆನ್ನಾಗಿ ಓದು. ನೂರು ವರ್ಷ ಬಾಳು.

ನಿನ್ನ ಅಮ್ಮ,
ನೀಲಾಂಬಿಕ

ಮ.ವಿ.: ಎದುರು ಕೂತು ಹೇಳಲಾರೆನೇನೋ, ಇಲ್ಲೇ ಬರೆಯುತ್ತೇನೆ. ಆ ಸಾಲು ಇದು: ‘ಎದುರುದಾರನು ಮಗುವಿನ ಪಿತೃತ್ವವನ್ನು ನಿರಾಕರಿಸಿದ್ದಾನೆ.’ ನೀನು ತನ್ನ ಮಗಳೇ ಅಲ್ಲವೆಂದು ನಿಮ್ಮಪ್ಪ ಹೇಳಿದ್ದರು. ಇಷ್ಟು ವರ್ಷ ನನಗೂ ತಿಳಿದಿರಲಿಲ್ಲ. ಆ ಮಾತಿಗೆ ಆಧಾರವಿಲ್ಲವೆಂದು ನ್ಯಾಯಾಧೀಶರು ಅದರ ಕೆಳಗೇ ಬರೆದಿದ್ದಾರೆ. ನೀನು ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ, ಅವರಿಗೆ ಬೀಳುವ ಹಾಗೇ. ಕೋರ್ಟು ನನ್ನನ್ನು ನಂಬಿತು. ಸೋಮವಾರ ಬಸ್ಸಿಳಿದಾಗ ನೀನು ನನ್ನ ಮುಖವನ್ನು ಹೇಗೆ ನೋಡುತ್ತೀಯೋ.