ಗುಬ್ಬಿ ಕಟ್ಟಿದ ಹೊಲಿಗೆ ಮ್ಯೂಸಿಯಂ

ನವೆಂಬರ್ ೩, ಭಾನುವಾರ

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಿನ್ನ ಕಾಗದ ಬಂದು ಹದಿನೆಂಟು ದಿನಗಳಾದವು. ಉತ್ತರ ತಡವಾದದ್ದಕ್ಕೆ ಕಚೇರಿಯ ಕೆಲಸವೇ ಕಾರಣವೆಂದು ಬರೆದರೆ ನೀನು ನಂಬಿಬಿಡುತ್ತೀ. ಆದ್ದರಿಂದಲೇ ಹಾಗೆ ಬರೆಯಲು ಮನಸ್ಸಾಗುತ್ತಿಲ್ಲ. ಕ್ಷಮಿಸು. ನಾನು ಆರೋಗ್ಯವಾಗಿದ್ದೇನೆ. ಅಪ್ಪನ ಕೆಮ್ಮು ಇಳಿಯಿತೆಂದು ಓದಿ ಸಮಾಧಾನವಾಯಿತು.

ನೀನು ಕೇಳಿದ್ದು ಒಂದೇ ಮಾತು. ನಮ್ಮ ಮಹಡಿಯ ಕೋಣೆಯಲ್ಲಿ ಮೂರು ವರ್ಷ ಬಾಡಿಗೆಗಿದ್ದ ನನ್ನ ಸಹಪಾಠಿ, ನೀನು ಗುಬ್ಬಿ ಎಂದು ಕರೆಯುತ್ತಿದ್ದವಳು, ತಾನು ವಿನ್ಯಾಸ ಮಾಡಿದ ಹೊಲಿಗೆ ಮ್ಯೂಸಿಯಂನ ಬಾಗಿಲು ತೆರೆಯಲು ನಿನ್ನನ್ನು ಕರೆದಿದ್ದಾಳೆ. "ನೀನು ಒಂದ್ಸಲ ನೋಡ್ಕೊಂಡು ಬಾ. ನನ್ನಂಥವಳು ಹೋಗೋ ಜಾಗಾನೋ ಅಲ್ವೋ ಹೇಳು. ನೀನು ಬೇಡ ಅಂದ್ರೆ ಹೋಗಲ್ಲ" ಎಂದು ಬರೆದಿದ್ದೀ. ಇಷ್ಟು ದೊಡ್ಡ ಅಧಿಕಾರವನ್ನು ನನಗೆ ಕೊಡಬಾರದಿತ್ತು, ಅಮ್ಮ.

ನಿನ್ನೆ ಹೋಗಿದ್ದೆ. ವಾಸ್ತುಶಿಲ್ಪ ಓದಿದ ಐದು ವರ್ಷವೂ ತರಗತಿಗೇ ಮೊದಲ ಸ್ಥಾನ ಪಡೆದವಳು ನಾನು. ಎರಡು ವಿಷಯಗಳಲ್ಲಿ ನಪಾಸಾಗಿ ಮತ್ತೆ ಕೂತು ಬರೆದವಳು ಅವಳು. ನಾನು ಈಗಲೂ ಇನ್ನೊಬ್ಬರು ರೂಪಿಸಿದ ಆಸ್ಪತ್ರೆಗಳ ಶೌಚಾಲಯಗಳ ನಕ್ಷೆ ಬಿಡಿಸುತ್ತಿದ್ದೇನೆ. ಮೊಸರಿನಲ್ಲಿ ಕಲ್ಲು ಹುಡುಕಲೆಂದೇ ಹೋದೆನೆಂದು ಬೇರೆ ಹೇಳಬೇಕಿಲ್ಲ. 'ಅಲ್ಲಿನ ಮೆಟ್ಟಿಲುಗಳು ನಿನ್ನ ಮಂಡಿಗೆ ಆಗವು' ಎಂಬ ವಾಕ್ಯವನ್ನು ಬಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದೆ. ಅಲ್ಲಿ ಮೆಟ್ಟಿಲೇ ಇಲ್ಲ.

ಹೊರಗಿನಿಂದ ಕಟ್ಟಡ ಸಾಧಾರಣ. ಬೂದು ಬಣ್ಣ, ಅಲಂಕಾರವಿಲ್ಲ. ಒಳಗೆ ಹೋಗುವ ದಾರಿ ಕಿರಿದಾಗಿದ್ದು ಒಂದೆಡೆ ಬಾಗಿದೆ; ಅಂಗಿಯ ತೋಳಿನಲ್ಲಿ ಕೈ ತೂರಿಸಿದಂತೆ ನಡೆದು ಹೋದರೆ ಒಮ್ಮೆಲೇ ದೊಡ್ಡ ಕೋಣೆ. ಅಲ್ಲಿ ಇಡೀ ಕಟ್ಟಡವನ್ನು ಒಳಮೈ ಹೊರಗಾಗಿ ಮಗುಚಿದಂತಿದೆ: ಹಲಗೆಗೆ ಹಲಗೆ ಸೇರುವ ಜಾಗ, ತೊಲೆಯ ತುದಿ, ಬೋಲ್ಟುಗಳ ಸಾಲು, ಯಾವುದನ್ನೂ ಮುಚ್ಚಿಲ್ಲ. ಕಿಟಕಿಗಳು ಕೂತವರ ಎತ್ತರಕ್ಕಿವೆ; ಬೆಳಕು ಮುಖಕ್ಕೆ ಹೊಡೆಯದೆ ಕೈಯ ಮೇಲೆ ಬೀಳುತ್ತದೆ. ಬಿದ್ದ ಸೂಜಿ ಕಾಣಲೆಂದು ನೆಲ ತಿಳಿ ಬಣ್ಣದ್ದು. ಹಳೆಯ ಯಂತ್ರಗಳನ್ನೂ ಕತ್ತರಿಗಳನ್ನೂ ಇನ್ನೂ ತಂದಿಟ್ಟಿಲ್ಲ. ಆದರೂ ಅದು ಯಾತರ ಮ್ಯೂಸಿಯಂ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಹೊಟ್ಟೆ ಉರಿಯಿತು, ಅಮ್ಮ. ಚೆನ್ನಾಗಿಲ್ಲದಿದ್ದರೆ ಎಷ್ಟು ಧಾರಾಳವಾಗಿ ಹೊಗಳುತ್ತಿದ್ದೆ!

ಆಗ ಕಲ್ಲು ಸಿಕ್ಕಿತು. ಪಕ್ಕದ ಗೋಡೆಗಳ ಪ್ರತಿ ಜೋಡಣೆಯಲ್ಲೂ ಮರದ ಹಲಗೆಗಳು ಒಂದರ ಹಿಂದೊಂದು ಮೊಳದುದ್ದ ಹೆಚ್ಚಾಗಿ ಚಾಚಿಕೊಂಡಿದ್ದವು. ನನಗೆ ಎಲ್ಲ ತೋರಿಸುತ್ತಿದ್ದ ಗುಬ್ಬಿಯ ಜೊತೆ ಮೇಸ್ತ್ರಿಯೂ ಬಡಗಿಗಳೂ ನಿಂತಿದ್ದರು. ಎಲ್ಲರಿಗೂ ಕೇಳಿಸುವಂತೆ ಗುಬ್ಬಿಯನ್ನು ಕೇಳಿದೆ:

"ಏನೇ ಇದು, ಅಳತೆ ತಪ್ಪಿದ್ಯಾ? ಇಷ್ಟೊಂದು ಮರ ದಂಡ ಮಾಡಿದೀಯಲ್ಲ!"

ಅವಳು ಉತ್ತರಿಸುವ ಮೊದಲೇ ಮೇಸ್ತ್ರಿ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಮುದುಕ, ಬಾಯಿ ಹಾಕಿದ. "ತಪ್ಪಲ್ಲಮ್ಮ, ಬೇಕಂತಲೇ ಬಿಟ್ಟಿರೋದು. ನಾಳೆ ಸಾಮಾನು ಜಾಸ್ತಿ ಆದ್ರೆ ಈ ಬೋಲ್ಟ್ ಸಾಲು ಬಿಚ್ಚೋದು, ಆ ಕಡೆ ಗೋಡೆ ಹಿಂದಕ್ಕೆ ಎಳೆಯೋದು, ರೂಮು ದೊಡ್ಡದಾಗುತ್ತೆ. ಬೆಳೆಯೋ ಮಗು ಅಂಗಿಗೆ ಹೊಲಿಗೆ ಒಳಗೆ ಬಟ್ಟೆ ಬಿಡಲ್ವಾ, ಹಾಗೆ." ನನ್ನ ಮುಖ ನೋಡಿ, "ನಿಮ್ಮ ತಾಯಿಯವರು ಟೈಲರ್ ಅಂತಲ್ಲ? ನಿಮಗೇ ಗೊತ್ತಾಗ್ಲಿಲ್ವಾ?" ಎಂದ.

ಬಡಗಿಗಳು ನಕ್ಕರು. "ಸುಮ್ನಿರಿ ಮೇಸ್ತ್ರಿ, ಅವಳು ನಮ್ಮ ಕ್ಲಾಸಿಗೇ ಫಸ್ಟು" ಎಂದು ಗುಬ್ಬಿ ಗದರಿದಳು. ಅವಳು ನನ್ನ ಪರ ವಹಿಸಿದ್ದು ಆ ನಗುವಿಗಿಂತ ಹೆಚ್ಚು ಚುಚ್ಚಿತು.

ಹೊರಗೆ ಬಂದ ಮೇಲೆ ಅವಳೇ ಹೇಳಿದಳು: "ಇದು ಅಮ್ಮ ನಂಗೆ ಹೇಳ್ಕೊಟ್ಟಿದ್ದು ಕಣೇ. ನಾನು ಫೇಲಾಗಿ ಅಳ್ತಾ ಕೂತಿದ್ದಾಗ, ಯೂನಿಫಾರ್ಮ್ ಹೊಲೀತಾ ಹೊಲೀತಾ. 'ಮೈಗೆ ಸರಿಯಾಗಿ ಹೊಲಿದ್ರೆ ಒಂದೇ ವರ್ಷ ಕಣೇ ಬರೋದು' ಅಂದ್ರು."

'ಅಮ್ಮ' ಎಂದಳು. 'ನಿಮ್ಮಮ್ಮ' ಎನ್ನಲಿಲ್ಲ.

ನಿನ್ನ ಪ್ರಶ್ನೆಗೆ ನನ್ನ ಉತ್ತರ: ನೀನು ಹೋಗಬೇಕು. ಆ ಬಾಗಿಲು ತೆರೆಯಲು ನಿನ್ನಷ್ಟು ಹಕ್ಕುಳ್ಳವರು ಬೇರೆ ಯಾರೂ ಇಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಒಂದು ರಾತ್ರಿಯೂ ಮೂರು ಹರಿದ ಹಾಳೆಗಳೂ ಬೇಕಾದವು. ಇಪ್ಪತ್ನಾಲ್ಕರಂದು ಉದ್ಘಾಟನೆ. ಹಿಂದಿನ ದಿನ ಕಾರು ಕಳಿಸುವೆನೆಂದು ಗುಬ್ಬಿ ಹೇಳಿದಳು, ಬೇಡವೆಂದೆ. ನಾನೇ ಬಂದು ಕರೆದೊಯ್ಯುತ್ತೇನೆ. ಬಸ್ಸಿನಲ್ಲಿ ಆರು ಗಂಟೆಯ ದಾರಿ. ನೀಲಿ ಸೀರೆ ಉಟ್ಟುಕೋ.

ಅಪ್ಪನಿಗೆ ನಮಸ್ಕಾರ. ನಿಮ್ಮಿಬ್ಬರ ಆಶೀರ್ವಾದ ನನ್ನ ಮೇಲಿರಲಿ; ಹಂಚಲೇಬೇಕೆಂದಿದ್ದರೆ ಅವಳಿಗೂ ಸ್ವಲ್ಪ ಇರಲಿ.

ಇಂತು,
ನಿನ್ನ ಒಬ್ಬಳೇ ಮಗಳು

ತಾ.ಕ.: ಓದುತ್ತಿದ್ದ ಕಾಲದಲ್ಲಿ ನಾನು ನಿನ್ನ ಯಂತ್ರದ ಬಳಿ ಬಂದು ಕೂತಾಗಲೆಲ್ಲ ನೀನು, "ನಿನಗ್ಯಾಕೆ ಇದೆಲ್ಲ? ಎದ್ದು ಹೋಗಿ ಓದ್ಕೋ" ಎನ್ನುತ್ತಿದ್ದೆ. ನಾನು ಎದ್ದು ಹೋಗಿ ಓದಿದೆ. ಬಾಗಿಲಾಚೆ ನೀವಿಬ್ಬರೂ ಬಿದ್ದು ಬಿದ್ದು ನಗುವುದು ಕೇಳಿಸುತ್ತಿತ್ತು. ಏನೆಂದು ಕೇಳಲು ಒಮ್ಮೆ ಹೊರಗೆ ಬಂದೆ. "ಏನಿಲ್ಲ ಬಿಡು, ಮೊದಲು ಪರೀಕ್ಷೆ ಮುಗೀಲಿ" ಎಂದು ನೀನು ಹೇಳಿದೆ. ಪರೀಕ್ಷೆಗಳು ಮುಗಿದು ಆರು ವರ್ಷಗಳಾದವು, ಅಮ್ಮ. ಎಲ್ಲದರಲ್ಲೂ ಮೊದಲು ಬಂದೆ. ಬಸ್ಸಿನಲ್ಲಿ, ಗುಬ್ಬಿ ಇಲ್ಲದಿರುವಾಗ, ನೀವು ಯಾಕೆ ನಗುತ್ತಿದ್ದಿರಿ ಎಂದು ನನಗೂ ಹೇಳು.