ಮೃಗಾಲಯಕ್ಕೆ ಹಳದಿ ಚೌಕಳಿ

ಹೊಲಿಗೆಯ ಕೋಣೆಯಿಂದ,
ಸೋಮವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ಹೇಗಿದ್ದೀಯ? ಮೊನ್ನೆ ನಾನು ಫೋನು ಮಾಡಿದಾಗ ಮಾತಿಗಿಂತ ಕೆಮ್ಮೇ ಹೆಚ್ಚು ಕೇಳಿಸಿತು. ಹಾಸ್ಟೆಲಿನ ಅಡುಗೆಮನೆಯಲ್ಲಿ ದಿನವಿಡೀ ಒಲೆಯ ಮುಂದೆ ನಿಂತರೆ ಕೆಮ್ಮು ಬರದೆ ಇನ್ನೇನು ಬರುತ್ತದೆ? ಕಿಟಕಿ ತೆಗೆದಿಡಲು ಹೇಳು. ಕೇಳದಿದ್ದರೆ ಜಗಳ ಮಾಡು. ಅದನ್ನು ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿ ನಾವೆಲ್ಲ ಕ್ಷೇಮ. ನನ್ನ ಮಂಡಿ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ನಿನ್ನ ಮಾವನಿಗೆ ರಕ್ತದೊತ್ತಡವಂತೆ, ಅದನ್ನು ಅವರೊಬ್ಬರೇ ಇಟ್ಟುಕೊಳ್ಳದೆ ಮನೆಯವರಿಗೆಲ್ಲ ಹಂಚುತ್ತಿದ್ದಾರೆ. ನಿನ್ನ ಮಗಳು ಚೋಟು ಈಗ ಚೋಟುದ್ದ ಇಲ್ಲ. ಅವಳ ಮುಂದಿನ ಹಲ್ಲು ಬಿದ್ದಿವೆ, ಮಾತು ಮಾತ್ರ ಸಂದಿಯಿಂದ ಇನ್ನೂ ಜೋರಾಗಿ ಹೊರಬರುತ್ತಿದೆ.

ಸುದ್ದಿ ಏನೆಂದರೆ, ಬರುವ ಭಾನುವಾರ ನಾವೆಲ್ಲ ನಗರದ ದೊಡ್ಡ ಮೃಗಾಲಯಕ್ಕೆ ಹೊರಟಿದ್ದೇವೆ. ನಿನ್ನ ಮಾವ ಅದರ ನಕ್ಷೆಯನ್ನು ತಂದು ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿದರು. ಬಸ್ ನಿಲ್ದಾಣದಲ್ಲಿ ಜನ್ಮವೆಲ್ಲ ವೇಳಾಪಟ್ಟಿ ನೋಡಿಕೊಂಡವರಲ್ಲವೇ, ಸಿಂಹಕ್ಕೆ ಇಷ್ಟು ಹೊತ್ತು, ಕರಡಿಗೆ ಇಷ್ಟು ಹೊತ್ತು ಎಂದು ನನ್ನ ಸೀಮೆಸುಣ್ಣದಲ್ಲೇ ಗುರುತು ಹಾಕಿದರು. ಹುಲಿ ಮಲಗಿದ್ದರೆ ಏನು ಮಾಡುವುದು ಎಂದು ಚೋಟು ಕೇಳಿದಳು. "ಅದು ಮಲಗೋ ಹೊತ್ತಲ್ಲ" ಎಂದು ಮಾವ ಖಡಾಖಂಡಿತವಾಗಿ ಹೇಳಿದರು. ಹುಲಿಗೆ ಇದನ್ನು ಯಾರು ತಿಳಿಸುತ್ತಾರೋ ಗೊತ್ತಿಲ್ಲ. ನಿನ್ನ ಗಂಡನಿಗೆ ಇದರಲ್ಲಿ ಅಂಥ ಆಸಕ್ತಿಯೇನಿಲ್ಲ. ವಾರವಿಡೀ ಲಿಫ್ಟು ರಿಪೇರಿ ಮಾಡುತ್ತ ಕತ್ತಲ ಸಂದಿಯಲ್ಲಿ ನೇತಾಡುವವನಿಗೆ ಭಾನುವಾರ ಮರದ ಕೆಳಗೆ ಕಾಲು ಚಾಚಿದರೆ ಸಾಕು. "ಆನೆ ನೋಡಿ, ಊಟ ಮಾಡಿ, ಬಂದ್ಬಿಡೋಣ" ಎನ್ನುತ್ತಾನೆ. ಮೃಗಾಲಯದ ಪ್ರಾಣಿಗಳ ಪೈಕಿ ಅವನೂ ಒಂದು ಎಂದು ಬೋರ್ಡು ಹಾಕಿದರೂ ಅವನಿಗೆ ಬೇಸರವಾಗಲಿಕ್ಕಿಲ್ಲ.

ಊಟದ ಹೊತ್ತಿಗೂ ಅದೇ ಚರ್ಚೆ, ನಕ್ಷೆಯೂ ತಟ್ಟೆಯ ಪಕ್ಕಕ್ಕೆ ಬಂದಿತ್ತು. ಜಿರಾಫೆ ಎಲ್ಲಿ ಸಿಗುತ್ತದೆ ಎಂದು ಮಾವ ವಿವರಿಸುತ್ತಿದ್ದಾಗಲೇ ಚೋಟು "ಅಮ್ಮನೂ ಬರ್ತಾಳಾ?" ಎಂದು ಕೇಳಿಬಿಟ್ಟಳು. ಎಲ್ಲರೂ ನಮ್ಮ ನಮ್ಮ ತಟ್ಟೆ ನೋಡಿಕೊಂಡೆವು. ಮಾವ ನಕ್ಷೆ ಮಡಚಿದರು. ನಿನ್ನ ಗಂಡ ಎದ್ದು ಕೈ ತೊಳೆಯಲು ಹೋದವನು ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡೇ ನಿಂತಿದ್ದ. ನೀವಿಬ್ಬರೂ ಜಗಳವಾಡಿ ನೀನು ಮನೆ ಬಿಟ್ಟು ಹೋಗಿ ವರ್ಷವಾಯಿತು. ತಪ್ಪು ಯಾರದೆಂದು ನಾನು ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಬರಲು ನಿನಗೆ ಬಿಗುಮಾನ, ಕರೆಯಲು ಅವನಿಗೆ ಬಿಗುಮಾನ. ನಡುವೆ ಮಗು ಅಮ್ಮನ ಮುಖ ನೋಡದೆ ದೊಡ್ಡದಾಗುತ್ತಿದೆ. ಈ ಮಾತನ್ನು ಫೋನಿನಲ್ಲಿ ಆಡಿದ್ದರೆ ನೀನು ಅರ್ಧಕ್ಕೇ ಇಟ್ಟುಬಿಡುತ್ತಿದ್ದೆ. ಕಾಗದವಾದರೆ ಕೊನೆಯವರೆಗೂ ಓದುತ್ತೀಯ.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ. ಒಮ್ಮೆ ವಸ್ತುಪ್ರದರ್ಶನದಲ್ಲಿ ನಿನ್ನ ಮಾವ ಬೇರೆ ಯಾರದೋ ಸಂಸಾರದ ಹಿಂದೆ ಹೋಗಿ, ಅವರದೇ ಚಾಪೆಯ ಮೇಲೆ ಕೂತು, ಊಟ ಮುಗಿಸಿ, ಉಪ್ಪು ಸ್ವಲ್ಪ ಹೆಚ್ಚಾಯಿತು ಎಂದು ಆ ಮನೆಯಾಕೆಗೆ ಹೇಳಿದ ಮೇಲೆ ತಾನೆ ಅವರಿಗೆ ಅದು ನಾನಲ್ಲವೆಂದು ತಿಳಿದದ್ದು! ಅಂದಿನಿಂದ ಜನಜಂಗುಳಿಯಿರುವ ಕಡೆ ಹೊರಟಾಗಲೆಲ್ಲ ಒಂದೇ ಥಾನಿನ ಬಟ್ಟೆಯಲ್ಲಿ ಎಲ್ಲರಿಗೂ ಹೊಲಿಯುತ್ತೇನೆ. ಈ ಸಲ ಕೈಗೆ ಸಿಕ್ಕಿದ್ದು ಹಳದಿ ಚೌಕಳಿ. ಒಂದು ಮೈಲಿ ದೂರಕ್ಕೂ ಕಾಣುತ್ತದೆ. "ಪಂಜರದೊಳಗಿನವೇ ನಮ್ಮನ್ನ ನೋಡೋಕೆ ಬರ್ತವೆ" ಎಂದು ನಿನ್ನ ಗಂಡ ಗೊಣಗಿದ. ಮಾವನಿಗೂ ಅವನಿಗೂ ಅಂಗಿ, ಚೋಟುಗೆ ಫ್ರಾಕು, ನನಗೊಂದು ಉದ್ದನೆಯ ಮೇಲಂಗಿ. ಈ ಕಾಗದದ ಜೊತೆಗಿನ ಪೊಟ್ಟಣದಲ್ಲಿ ಇರುವ ಅಂಗಿ ನಿನ್ನದು. ಅಳತೆ ಕೇಳಲಿಲ್ಲ, ಹಳೆಯದನ್ನೇ ಹಿಡಿದೆ. ನೀನು ಇಳಿದುಹೋಗಿದ್ದರೆ ಅದು ನಿನ್ನ ತಪ್ಪು.

ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ಗಂಡಸರು ಹಾವಿನ ಮನೆಗೆ ಹೋಗುತ್ತಾರೆ. ಚೋಟುಗೆ ಹಾವೆಂದರೆ ಭಯ, ನನಗೆ ಅಲ್ಲಿನ ಮೆಟ್ಟಿಲೆಂದರೆ ಭಯ. ಹಾಗಾಗಿ ನಾವಿಬ್ಬರೂ ಜಿರಾಫೆಯ ಎದುರಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತೇವೆ. ನಾನು ಯಾರಿಗೂ ಏನೂ ಹೇಳಿಲ್ಲ, ಮಗುವಿಗಂತೂ ಹೇಳಿಯೇ ಇಲ್ಲ. ಕಾಯಿಸಿ ನಿರಾಸೆ ಮಾಡುವುದಕ್ಕಿಂತ ಅದೇ ವಾಸಿ. ಬಂದೇ ಬಾ ಎಂದು ನಾನು ಗೋಗರೆಯುವವಳಲ್ಲ. ನಿನ್ನ ಮೇಲೆ ನನಗೆ ಸಿಟ್ಟಿದೆ. ಹೋಗುವಾಗ ನನಗೊಂದು ಮಾತು ಹೇಳಲಿಲ್ಲ ಎನ್ನುವ ಸಿಟ್ಟು. ನೀನಿಲ್ಲದೆ ಈ ಮನೆಯಲ್ಲಿ ನನ್ನ ಜೊತೆ ಸರಿಸಮವಾಗಿ ವಾದ ಮಾಡುವವರು ಯಾರೂ ಇಲ್ಲ, ಅದಕ್ಕೆ ಬೇಜಾರೂ ಇದೆ. ನಿನ್ನ ಗಂಡ ಹಾವಿನ ಮನೆಯಿಂದ ಹೊರಬಂದು ನಿನ್ನನ್ನು ಕಂಡರೆ ಏನು ಮಾಡುತ್ತಾನೋ ಗೊತ್ತಿಲ್ಲ. ಗಲಾಟೆ ಮಾಡಿದರೆ ನನ್ನ ಮೇಲೆ ಮಾಡಲಿ. ನೀನಂತೂ ಮಗುವನ್ನು ನೋಡಿದ ಹಾಗಾಗುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬೇರೆಯವರಿಗೆ ಬಡಿಸಿ ತಾನು ಉಪವಾಸವಿರುವುದು ಜಾಣತನವಲ್ಲ. ಮಾವ ಆಶೀರ್ವಾದ ತಿಳಿಸಿದ್ದಾರೆ ಎಂದು ಬರೆಯಬಹುದಿತ್ತು, ಆದರೆ ಅವರಿಗೆ ಈ ಕಾಗದದ ವಿಷಯವೇ ಗೊತ್ತಿಲ್ಲ. ಅವರದನ್ನೂ ಸೇರಿಸಿ ನಾನೇ ಕಳಿಸುತ್ತಿದ್ದೇನೆ, ಚೆನ್ನಾಗಿರು.

ನಿನ್ನ ಅತ್ತೆ

ತಾ.ಕ.: ಪೊಟ್ಟಣ ಕಟ್ಟುವಷ್ಟರಲ್ಲಿ ನಿನ್ನ ಗಂಡ ಕೆಲಸದಿಂದ ಬಂದು ಸೀದಾ ಈ ಕೋಣೆಗೇ ನುಗ್ಗಿದ. ನಿನ್ನ ಅಂಗಿ ಮೇಜಿನ ಮೇಲೇ ಇತ್ತು. ಯಾರೋ ಗಿರಾಕಿಯದು ಎಂದೆ. ಅದನ್ನೆತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಮಡಚಿಟ್ಟ. ಬಾಗಿಲ ತನಕ ಹೋದವನು ಅಲ್ಲೇ ನಿಂತು, ನನ್ನ ಮುಖ ನೋಡದೆ, "ತೋಳು ಬಿಗಿಯಾಯ್ತಲ್ಲಮ್ಮಾ. ಇದನ್ನ ಹಾಕ್ಕೊಂಡು ಅವಳು ಚೋಟುನ ಹೇಗೆ ಎತ್ಕೋತಾಳೆ?" ಎಂದ. ತೋಳು ಬಿಚ್ಚಿ ಸಡಿಲ ಮಾಡಿ ಹೊಲಿದಿದ್ದೇನೆ. ಬಾ.