ಹೆಬ್ಬೆರಳು ಬರೆದದ್ದು

ಅಕ್ಕ,

ಒಂದು ಕಾಲಿನ ಮಟ್ಟಿಗೆ ಕ್ಷೇಮ. ಇನ್ನೊಂದು ಆಫೀಸಿನ ಮೆಟ್ಟಿಲ ಮೇಲೆ ಹೊರಳಿತು; ಉಳುಕಿದ್ದು ಕಾಲು, ಅಳುಕಿದ್ದು ನಾನು. ಅಮ್ಮ ಹೋದ ಮೇಲೆ ನಾವಿಬ್ಬರೂ ಮಾತು ಬಿಟ್ಟಿದ್ದೇವೆ, ಹಾಗಾಗಿ ಈ ಪತ್ರ ಮೇಜಿನ ಡ್ರಾಯರ್ ದಾಟುವುದಿಲ್ಲ.

ಇವತ್ತು ಫಿಸಿಯೋಥೆರಪಿಯವಳು ನನ್ನನ್ನು ಮಂಚದ ಅಂಚಿಗೆ ಕೂರಿಸಿ, "ಕಾಲಿನ ಹೆಬ್ಬೆರಳಲ್ಲಿ ಗಾಳೀಲಿ ಅ ಆ ಇ ಈ ಬರೀರಿ ಸರ್, ಕಣಕಾಲು ಸಡಿಲ ಆಗುತ್ತೆ" ಅಂದಳು. ಇದು ಚಿಕಿತ್ಸೆಯೋ ಚೇಷ್ಟೆಯೋ ಎಂದು ಅನುಮಾನಿಸುತ್ತಲೇ ಬರೆದೆ.

"ಅ ಆದ್ಮೇಲೆ ಆ ಅಲ್ವಾ ಸರ್? ನೀವು ಪ್ರತಿ ಸಲಾನೂ ಅಕ್ಕ ಅಂತಾನೇ ಬರೀತಿದೀರಿ."

"ನೀವೇನು ಓದ್ತಾ ಕೂತಿದ್ರಾ?"

"ಕಾಲು ನೋಡೋದೇ ನನ್ನ ಕೆಲಸ. ಅಕ್ಕನಿಗೆ ಗೊತ್ತಾ, ಕಾಲು ಹೀಗಾಗಿರೋದು?"

ಇಷ್ಟೆಲ್ಲ ವಿಚಾರಿಸಬೇಕಾದರೆ ಇವಳನ್ನು ನೀನೇ ಛೂ ಬಿಟ್ಟಿರಬೇಕು ಅನ್ನಿಸಿತು. ಹೊರಗೆ ಬಂದವನು ಗೋಡೆ ಹಿಡಿದುಕೊಂಡು, ಕಾಯುವವರ ಕುರ್ಚಿಗಳನ್ನು ಒಂದೊಂದಾಗಿ, ಎರಡೆರಡು ಸಲ ನೋಡಿದೆ.

ನೀನಿರಲಿಲ್ಲ.

ಮನೆಯಲ್ಲೂ ದಿನಾ ಹೀಗೇ ಬರೆಯಬೇಕಂತೆ, ಪೂರ್ತಿ ವಾಸಿಯಾಗುವವರೆಗೆ. ನನಗೇನೂ ಅವಸರವಿಲ್ಲ.